ಮುನಿಸಿಗೆ ಒಂದೆಲಗ

ಕಡೂರಿನ ಡಾಕ್ಟರು ರಂಗಪ್ಪನ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿ, ಗಾಳಿ ತುಂಬಿ, ಮುಖ ಸಣ್ಣಗೆ ಮಾಡಿಕೊಂಡು, "ಮನೇಲಿ ತುಂಬಾ ಟೆನ್ಶನ್ನಾ ಯಜಮಾನ್ರೇ?" ಎಂದು ಕೇಳಿದ್ದೇ ತಪ್ಪಾಯಿತು. ರಂಗಪ್ಪ ಮಾತಿಲ್ಲದೆ ಎದ್ದ. ಹೆಗಲ ಮೇಲಿನ ಟವೆಲ್ಲನ್ನು ಒಮ್ಮೆ ಕೊಡವಿದ. ಆಚೆ ಹೋಗಿ ಕ್ಲಿನಿಕ್ಕಿನ ಜಗಲಿಯ ಮೇಲೆ ರಸ್ತೆಯ ಕಡೆ ಮುಖ ಮಾಡಿ ಕೂತುಬಿಟ್ಟ. ಡಾಕ್ಟರು ಹೊಸಬರು, ಘಟ್ಟದ ಕೆಳಗಿನವರು. ಇದರ ಅರ್ಥ ಗೊತ್ತಾಗದೆ "ನೆಕ್ಸ್ಟ್" ಎಂದರು. ಸ್ವಲ್ಪ ಹೊತ್ತಿನ ಮೇಲೆ ಕಾಂಪೌಂಡರ್ ಬಂದು ಎರಡೆರಡು ಸಲ ಕರೆದು, ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಮಾತ್ರೆಯ ಚೀಟಿ ಕೊಡಿಸಬೇಕಾಯಿತು.

ನಮ್ಮ ಕಡೆ ಸಿಟ್ಟು ಬೇರೆ, ಮುನಿಸು ಬೇರೆ. ಸಿಟ್ಟು ಬಂದವನು ಕೂಗಾಡಿ, ನಾಲ್ಕು ಮಾತು ಹೆಚ್ಚಿಗೆ ಆಡಿ, ಸಂಜೆಗೆ ತಣ್ಣಗಾಗುತ್ತಾನೆ. ಅವನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮುನಿಸಿಗೆ ಕಟ್ಟುಕಟ್ಟಳೆ ಇದೆ. ಶುಭಕಾರ್ಯದ ಮನೆಯಲ್ಲಿ ಮುನಿಸಿಕೊಂಡವನು ಚಪ್ಪರದಿಂದ ಎದ್ದು, ಎಲ್ಲರಿಗೂ ಕಾಣುವಂಥ ಜಾಗದಲ್ಲಿ ಬೆನ್ನು ತಿರುಗಿಸಿ ಕೂರಬೇಕು. ಊರು ಬಿಟ್ಟು ಹೋಗಬಾರದು, ಹೋದರೆ ಅದು ಜಗಳ. ಮೊದಲು ಕರೆದವರ ಹಿಂದೆ ಎದ್ದು ಬರಬಾರದು, ಬಂದರೆ ಅದು ಹೊಟ್ಟೆಬಾಕತನ. ತಾನಾಗಿ ಎದ್ದು ಬರುವುದಂತೂ ಸತ್ತರೂ ಇಲ್ಲ. ಕೊನೆಗೆ ಮನೆಯ ಯಜಮಾನನೇ ಬಂದು, "ದೊಡ್ಡೋರು, ಹೊಟ್ಟೆಗಾಕ್ಕೊಳ್ಳಿ" ಎಂದು ರಟ್ಟೆ ಹಿಡಿದು ಎಳೆಯಬೇಕು. ಆಗ ಇಷ್ಟವಿಲ್ಲದವನ ಹಾಗೆ ಎದ್ದು ಬಂದು ಎರಡು ಹೋಳಿಗೆ ಜಾಸ್ತಿ ತಿನ್ನಬೇಕು. ಈ ವಿದ್ಯೆಯಲ್ಲಿ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕು ಸೇರಿಸಿದರೂ ರಂಗಪ್ಪನನ್ನು ಮೀರಿಸಿದವರಿರಲಿಲ್ಲ.

ತರೀಕೆರೆಯ ಶಾಮಿಯಾನದ ಮಹಬೂಬ್ ಸಾಬ್ ಅವನ ಹಳೇ ಸ್ನೇಹಿತ. ಅಜ್ಜಂಪುರದ ಸುತ್ತ ಯಾವ ಮದುವೆಗೆ ಚಪ್ಪರ ಹಾಕಲು ಬಂದರೂ, ಕಂಬ ನೆಡುವುದಕ್ಕೆ ಮುಂಚೆ ನೆರಳಿರುವ ಮರ ನೋಡಿ ಅದರ ಬುಡಕ್ಕೆ ಒಂದು ಕುರ್ಚಿ ಹಾಕಿಸುತ್ತಿದ್ದ. "ಅದು ರಂಗಣ್ಣಂದು. ಯಾರೂ ಎತ್ತಬೇಡ್ರಪ್ಪಾ" ಎಂದು ಆಳುಗಳಿಗೆ ಹೇಳುತ್ತಿದ್ದ. ಆದರೆ ಸ್ವಂತ ಮಗ ಸೈಫ್‌ನ ನಿಕಾದ ಊಟದ ದಿನ ಗಡಿಬಿಡಿಯಲ್ಲಿ ಇದನ್ನೇ ಮರೆತ. ರಂಗಪ್ಪ ಹುಣಸೆಮರದ ಕೆಳಗೆ ನೆಲದ ಮೇಲೆ ಬೆನ್ನು ತಿರುಗಿಸಿ ಕೂತ. ಹುಬ್ಬಳ್ಳಿ ಕಡೆಯಿಂದ ಬಂದ ಸಾಬರ ನೆಂಟರು ಯಾರಿಗೋ ತಲೆ ಸುತ್ತು ಬಂದಿದೆಯೆಂದು ಗಾಬರಿಯಾಗಿ, ನೆತ್ತಿಗೆ ನೀರು ತಟ್ಟಿ, ಆಟೋ ಹತ್ತಿಸಿ ಮನೆಗೆ ಕಳಿಸಿಬಿಟ್ಟರು. ಆ ಬಿರಿಯಾನಿ ತಪ್ಪಿದ ಸಂಕಟ ರಂಗಪ್ಪನಿಗೆ ಇವತ್ತಿಗೂ ಆರಿಲ್ಲ.

ಇದೆಲ್ಲ ನಗುವ ಮಾತು. ನಗಲಾಗದ ಮಾತೂ ಒಂದಿತ್ತು. ಹೋದ ವರ್ಷ ಮಗಳು ಗಗನಾಳನ್ನು ನೋಡಲು ಕಡೂರಿನಿಂದ ಬಂದ ಗಂಡಿನ ಕಡೆಯವರು, "ತೆಂಗಿನ ತೋಟ ಸ್ವಲ್ಪ ಒಣಗಿದ ಹಾಗಿದೆಯಲ್ಲ" ಎಂದರು. ರಂಗಪ್ಪ ಟವೆಲ್ ಕೊಡವಿ ಎದ್ದ. ಗಂಡಿನ ಕಡೆಯವರು ಮುನಿಸಿಕೊಳ್ಳುವುದು ಲೋಕರೂಢಿ. ಹೆಣ್ಣಿನ ತಂದೆಯೇ ಮುನಿಸಿಕೊಂಡು ತನ್ನದೇ ಮನೆಯ ಹಿತ್ತಲಲ್ಲಿ ಹೋಗಿ ಕೂತದ್ದನ್ನು ಯಾರೂ ಕಂಡು ಕೇಳಿರಲಿಲ್ಲ. ಬಂದವರು ಕಾಫಿಯನ್ನೂ ಕುಡಿಯದೆ ಹೋದರು. ಆ ಗಂಡು ಗಗನಾಳಿಗೂ ಬೇಕಿರಲಿಲ್ಲ, ಹೋದರೆ ಹೋಯಿತು ಎಂದಳು. ಆದರೆ ಈ ಸಲ ಹಾಗಲ್ಲ. ಲಕ್ಕವಳ್ಳಿ ಡ್ಯಾಮಿನಲ್ಲಿ ಜೂನಿಯರ್ ಇಂಜಿನಿಯರ್ ಆಗಿರುವ ಭೈರೇಶನನ್ನು ಅವಳೇ ಮೆಚ್ಚಿದ್ದಳು. ಅವನೂ ಮೆಚ್ಚಿ, ಮನೆಯವರನ್ನು ಒಪ್ಪಿಸಿ, ನಿಶ್ಚಿತಾರ್ಥಕ್ಕೆ ದಿನ ಗೊತ್ತಾಗಿತ್ತು. ಅಡ್ಡ ಇದ್ದದ್ದು ಒಂದೇ. ಭೈರೇಶನ ಸೋದರಮಾವ, ಲಿಂಗದಹಳ್ಳಿಯ ವಿಶ್ವನಾಥ್, ತಮ್ಮ ಸೀಮೆಯಲ್ಲಿ ಮುನಿಸಿಗೆ ಹೆಸರಾದವನು. ಭೈರೇಶನಿಗೆ ತಂದೆಯಿಲ್ಲ, ಮಾವ ಕೂತ ಕಡೆ ಮನೆಯವರೆಲ್ಲ ಕೂರಬೇಕು, ಎದ್ದ ಕಡೆ ಏಳಬೇಕು.

"ಹುಲಿ ಹುಲಿ ಎದುರಾದಂಗಾಯ್ತದೆ. ಇಬ್ರೂ ಮುನಿಸ್ಕೊಂಡ್ರೆ ಕರೆಯೋರ್ಯಾರು?" ಎಂದ ಮಹಬೂಬ್ ಸಾಬ್.

ರಂಗಪ್ಪನಿಗೂ ಭಯವಾಯಿತು. ಅವನು ಮಗಳನ್ನು ಕಣ್ಣಿನ ಗುಡ್ಡೆಯಂತೆ ಸಾಕಿದವನು. ತನ್ನ ಟವೆಲ್ಲಿನ ಮೇಲೆ ತನಗೇ ನಂಬಿಕೆಯಿಲ್ಲವೆಂಬುದು ಅವನಿಗೆ ಗೊತ್ತಿತ್ತು. ಒಂದು ಬೆಳಿಗ್ಗೆ ಅಡಿಗೆಮನೆ ಬಾಗಿಲಲ್ಲಿ ನಿಂತು, "ಮಗಾ, ನೀನು ಆಯುರ್ವೇದ ಓದ್ತಿದೀಯಲ್ಲ, ಮನಸ್ಸು ತಣ್ಣಗಿರೋಕೆ ಏನಾದ್ರೂ ಬೇರು ನಾರು ಇದ್ರೆ ಕೊಡು" ಎಂದು ಕೇಳಿದ. ಬಿಎಎಂಎಸ್ ಕೊನೆಯ ವರ್ಷದ ಗಗನಾಳ ಕೈಯಲ್ಲಿದ್ದ ಸೌಟು ಸಾರಿನೊಳಕ್ಕೆ ಬಿತ್ತು. ಅಪ್ಪ ಜೀವಮಾನದಲ್ಲಿ ಏನನ್ನಾದರೂ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.

ಅವಳು ಅಳತೆಯ ಮೇಲೆ ಶುರುಮಾಡಿದಳು. ತೋಟದಲ್ಲಿ ಡ್ರಿಪ್ ಪೈಪು ಸೋರುವ ಜಾಗದಲ್ಲಿ ಒಂದೆಲಗ ತಾನಾಗಿ ಹಬ್ಬಿತ್ತು; ಬೆಳಿಗ್ಗೆ ಅದರ ರಸ. ರಾತ್ರಿ ಹಾಲಿಗೆ ಹಿರೇಮದ್ದಿನ ಬೇರಿನ ಪುಡಿ, ಅದೇ ಅಶ್ವಗಂಧ. ಜೊತೆಗೆ ಚಿಟಿಕೆ ಜಟಾಮಾಂಸಿ. ಅದರ ವಾಸನೆ ಮಳೆಯಲ್ಲಿ ನೆಂದ ಗೋಣಿಚೀಲದಂತಿತ್ತು. "ಬಿ.ಪಿ. ಮಾತ್ರೆ ಬಿಡಂಗಿಲ್ಲ, ಇದು ಜಾಸ್ತಿ ತಗಳ್ಳಂಗಿಲ್ಲ" ಎಂದು ಮಗಳು ಹೇಳಿದ್ದನ್ನು ರಂಗಪ್ಪ ತಲೆ ತಗ್ಗಿಸಿ ಕೇಳಿಕೊಂಡ. ಮೂಗು ಹಿಡಿದು ಕುಡಿದ.

ಗಿಡಮೂಲಿಕೆಯೋ, ಮಗಳು ದಿನವೂ ಲೋಟ ಹಿಡಿದು ಮುಂದೆ ನಿಲ್ಲುತ್ತಿದ್ದ ಖುಷಿಯೋ, ಗುಣವಂತೂ ಕಾಣಿಸಿತು. ನಿದ್ದೆ ಬರತೊಡಗಿತು. ಪಕ್ಕದ ತೋಟದವನು ತೆಂಗಿನಗರಿಯನ್ನು ಬೇಲಿಯ ಈಚೆ ಎಸೆದಾಗ, ಇವನು ಅದನ್ನು ಆಚೆ ಎಸೆಯದೆ ಒಲೆಗೆ ಹಾಕಿದ. ಊರವರು ಬೆರಗಾದರು. ಕೆಲವರು ಪರೀಕ್ಷೆ ಮಾಡಲೆಂದೇ ಹೋಟೆಲಿನಲ್ಲಿ ಅವನನ್ನು ಬಿಟ್ಟು ಉಳಿದವರಿಗೆಲ್ಲ ಟೀ ಹೇಳಿದರು. ರಂಗಪ್ಪ ಟವೆಲ್ಲಿನ ತುದಿ ಹಿಡಿದ, ಎರಡು ಸಲ ಉಸಿರೆಳೆದ, ತಾನೇ ಒಂದು ಟೀ ಹೇಳಿಕೊಂಡ. ಮಾರನೆಯ ದಿನ ಆ ಸುದ್ದಿ ತರೀಕೆರೆ ಮುಟ್ಟಿತ್ತು.

ಇಷ್ಟಕ್ಕೆ ನಿಂತಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಆದರೆ ನಮ್ಮ ಜನಕ್ಕೆ ಒಂದು ರೋಗವಿದೆ. ಔಷಧಿಯನ್ನೂ ಉಪಚಾರವೆಂದೇ ತಿಳಿಯುತ್ತೇವೆ. ಬಡಿಸಿದ್ದು ಸಾಕು ಎಂದರೆ ಇನ್ನೊಂದು ಸೌಟು ಹಾಕುವುದು ಹೇಗೆ ಮರ್ಯಾದೆಯೋ, ಔಷಧಿಯಲ್ಲೂ ಹಾಗೆಯೇ ಕೈ ಮುಂದೆ.

ನಿಶ್ಚಿತಾರ್ಥದ ಬೆಳಿಗ್ಗೆ ಗಗನಾ ಒಂದೆಲಗದ ರಸ ಕೊಟ್ಟಳು. ಕೊಟ್ಟ ಮೇಲೆ ಅಪ್ಪನ ಮುಖ ನೋಡಿ ಧೈರ್ಯ ಸಾಲದೆ, ಓದಿದ್ದನ್ನೆಲ್ಲ ಮರೆತು, ಇನ್ನರ್ಧ ಲೋಟ ಕುಡಿಸಿದಳು. ಅವಳು ಸೀರೆ ಉಡಲು ಹೋದಾಗ ರಂಗಪ್ಪನ ಹೆಂಡತಿ ಸಾವಿತ್ರಮ್ಮ ರಾತ್ರಿಯ ಹಾಲನ್ನು ಬೆಳಿಗ್ಗೆಯೇ ಕಾಯಿಸಿ, ಜಟಾಮಾಂಸಿಯನ್ನು ಚಿಟಿಕೆಯ ಬದಲು ಚಮಚದಲ್ಲಿ ಹಾಕಿ, ವಾಸನೆ ಗೊತ್ತಾಗದಿರಲೆಂದು ಗಸಗಸೆ ಅರೆದು ಬೆರೆಸಿ, "ಪಾಯಸದ ರುಚಿ ನೋಡ್ರೀ" ಎಂದು ಬಟ್ಟಲು ತುಂಬ ಕೊಟ್ಟಳು. ಚಪ್ಪರದ ಹಗ್ಗ ಬಿಗಿಯುತ್ತಿದ್ದ ಮಹಬೂಬ್ ಸಾಬ್ ಒಂದು ಬಾಟಲಿ ತೆಗೆದು, "ನಮ್ಮನೆಯೋಳು ಸೈದಾನಿ ಬಿ ಮಾಡ್ಕೊಟ್ಟವ್ಳೆ ರಂಗಣ್ಣ. ಗುಲ್ಕನ್ನು, ಸೋಂಪು, ಇನ್ನೇನೇನೋ ಐತೆ. ಅವಳ ಕೈ ಗುಣ ದೊಡ್ಡದು, ಕುಡುದ್ಬಿಡು" ಎಂದ. ಯಾರೂ ಯಾರಿಗೂ ಹೇಳಲಿಲ್ಲ. ರಂಗಪ್ಪನೂ ಹೇಳಲಿಲ್ಲ. ಅವನಂತೂ, ಗಂಡಿನ ಕಡೆಯವರ ಮಿನಿಬಸ್ಸು ತಿರುವಿನಲ್ಲಿ ಕಂಡ ಕೂಡಲೆ ದೇವರಕೋಣೆಗೆ ಓಡಿ, ಅಲ್ಲಿ ಬಚ್ಚಿಟ್ಟುಕೊಂಡಿದ್ದ ಜಟಾಮಾಂಸಿಯ ಬೇರನ್ನು ಎಲೆಅಡಿಕೆಯ ಜೊತೆ ಬಾಯಿಗೆ ಹಾಕಿಕೊಂಡ.

ಬೀಗರು ಇಳಿಯುವ ಹೊತ್ತಿಗೆ ರಂಗಪ್ಪನ ಮುಖದಲ್ಲಿ ಈವರೆಗೆ ಯಾರೂ ಕಂಡಿರದ ಒಂದು ನಗು ಬಂದು ಕೂತಿತ್ತು. ಎಲ್ಲರಿಗೂ ಕೈಮುಗಿದ. ಮಿನಿಬಸ್ಸಿಗೂ ಮುಗಿದ. ಅಡಿಗೆ ಭಟ್ಟರು, ಪಾಯಸದ ತಳ ಹಿಡಿಯಿತು ಎಂದು ಹೆದರಿ ಹೇಳಿದರೆ, "ಹಿಡೀಲಿ ಬಿಡಿ, ಪಾಪ" ಎಂದ. ಪುರೋಹಿತರು ಇನ್ನೂ ಬೀರೂರಿನಲ್ಲೇ ಇದ್ದಾರೆ ಎಂದರೆ, "ಅವರಿಗೂ ಮನೆ ಮಠ ಇರ್ತದೆ" ಎಂದ. ಕರೆಂಟು ಹೋಯಿತು. "ಬೆಳಿಗ್ಗೆಯಿಂದ ಇತ್ತಲ್ಲ, ಅದಕ್ಕೂ ಸುಸ್ತು" ಎಂದ. ಅವನ ಮೂಗಿನ ಮೇಲೆ ನೊಣ ಕೂತಿತ್ತು. ಅದೂ ನೆಮ್ಮದಿಯಾಗಿತ್ತು.

ಆಗ ಕಾಫಿ ಬಂತು. ಸ್ಟೀಲಿನ ಲೋಟಗಳು ಒಂದು ಸುತ್ತಿಗೆ ಮುಗಿದು, ಉಳಿದವರಿಗೆ ಪೇಪರ್ ಲೋಟದಲ್ಲಿ ಕೊಟ್ಟರು. ಸ್ಟೀಲಿನ ಕೊನೆಯ ಲೋಟ ಹೋದದ್ದು ಮಿನಿಬಸ್ಸಿನ ಡ್ರೈವರಿಗೆ. ಪೇಪರಿನ ಮೊದಲ ಲೋಟ ಬಂದದ್ದು ವಿಶ್ವನಾಥನಿಗೆ.

ವಿಶ್ವನಾಥ್ ಲೋಟ ನೋಡಿದ. ಡ್ರೈವರನ್ನು ನೋಡಿದ. ಲೋಟವನ್ನು ಮೆತ್ತಗೆ ಕೆಳಗಿಟ್ಟು, ಶಲ್ಯ ಸರಿಮಾಡಿಕೊಂಡು ಎದ್ದ. ಬೇವಿನಮರದ ಬುಡದಲ್ಲಿ ಸಾಬ್ ಅಭ್ಯಾಸಬಲದಿಂದ ಹಾಕಿಸಿದ್ದ ಕುರ್ಚಿ ಖಾಲಿಯಿತ್ತು. ಹೋಗಿ ಅದರಲ್ಲಿ ಬೆನ್ನು ತಿರುಗಿಸಿ ಕೂತ. ಗಂಡಿನ ಕಡೆಯ ಹೆಂಗಸರು ಕಾಫಿ ಲೋಟಗಳನ್ನು ಕೆಳಗಿಟ್ಟರು. ಎಲ್ಲರ ಕಣ್ಣೂ ಹೆಣ್ಣಿನ ತಂದೆಯ ಕಡೆ ತಿರುಗಿತು.

ರಂಗಪ್ಪ ಮರದ ಕಡೆ ನೋಡಿದ. ಅವನಿಗೆ ಕಂಡದ್ದು ನೆರಳಿನಲ್ಲಿ ಕೂತ ಒಬ್ಬ ಮನುಷ್ಯ, ಅಷ್ಟೇ. ಕೈ ಎತ್ತಿ ಬೀಸಿ, ಇಡೀ ಚಪ್ಪರಕ್ಕೆ ಕೇಳುವಂತೆ, "ಗಾಳಿ ಚೆನ್ನಾಗೈತಾ ಬೀಗ್ರೇ? ಅಲ್ಲೇ ಕೂತಿರಿ, ಆರಾಮಾಗಿ!" ಎಂದ.

ಮಹಬೂಬ್ ಸಾಬ್ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡ. ವಿಶ್ವನಾಥನ ಬೆನ್ನು ಸೆಟೆಯಿತು. ಮುನಿಸಿನ ಇತಿಹಾಸದಲ್ಲೇ ಇಂಥ ಅವಮಾನ ಯಾರಿಗೂ ಆಗಿರಲಿಲ್ಲ. ಹೋಗಿ ಸಾಯಿ ಎಂದಿದ್ದರೆ ಬೈಗುಳವೆಂದು ತಿಳಿದು ಜಗಳವಾದರೂ ಆಡಬಹುದಿತ್ತು. ಆರಾಮಾಗಿ ಕೂತಿರು ಎಂದವನಿಗೆ ಏನು ಹೇಳುವುದು? ಊರಿನ ಹಿರಿಯರಿಬ್ಬರು ಹೋಗಿ ಕರೆದರು. ಆತ ತಿರುಗಿಯೂ ನೋಡಲಿಲ್ಲ. ಭೈರೇಶ ಹೋಗಿ, "ಮಾವಾ, ಒಂದು ಲೋಟಕ್ಕೆ ಹಿಂಗಾ?" ಎಂದದ್ದಕ್ಕೆ ಕೆಲಸ ಇನ್ನೂ ಕೆಟ್ಟಿತು. "ಲೋಟ ಅಲ್ಲ ಕಣೋ ಇದು, ಮರ್ಯಾದೆ! ಯಜಮಾನ ನಗ್ತಾ ಕೂತವ್ನೆ ಅಲ್ಲಿ. ಇನ್ನು ನಾನು ಬಸ್ ಹತ್ತೋನೇ. ನೀನು ಬೇಕಾದ್ರೆ ಇಲ್ಲೇ ಇರು" ಎಂದು ವಿಶ್ವನಾಥ್ ಹೇಳಿದ್ದು ಚಪ್ಪರಕ್ಕೆಲ್ಲ ಕೇಳಿಸಿತು. ಡ್ರೈವರು ಪಾಪ, ಸ್ಟೀಲಿನ ಲೋಟವನ್ನು ಅರ್ಧ ಕಾಫಿಯ ಸಮೇತ ಎಲ್ಲೋ ಬಚ್ಚಿಟ್ಟು ಸೀಟಿನ ಮೇಲೆ ಹೋಗಿ ಕೂತ.

ಗಗನಾ ರೇಷ್ಮೆಸೀರೆಯನ್ನು ಎತ್ತಿ ಹಿಡಿದು ಒಳಗಿನಿಂದ ಓಡಿಬಂದಳು. "ಅಪ್ಪಾ, ಏಳಪ್ಪಾ. ನೀನೇ ಹೋಗಿ ಕರೀಬೇಕು ಕಣಪ್ಪಾ."

"ಆಯ್ತದೆ ಬಿಡು ಮಗಾ" ಎಂದ ರಂಗಪ್ಪ.

"ಏನಾಯ್ತದೆ? ಅವ್ರು ಹೊರಟ್ರೆ ಎಲ್ಲಾ ಮುಗೀತು. ನಿಂಗೇನೂ ಅನ್ನಿಸ್ತಿಲ್ವಾ?"

ರಂಗಪ್ಪ ತನ್ನೊಳಗೆ ಹುಡುಕಿ ನೋಡಿಕೊಂಡ. "ಅನ್ನಿಸ್ತೈತೆ ಮಗಾ" ಎಂದ ನಿಧಾನವಾಗಿ. "ಪಕ್ಕದೂರಲ್ಲಿ ಯಾರಿಗೋ ಅನ್ನಿಸ್ತಿರೋ ಹಂಗೆ ಅನ್ನಿಸ್ತೈತೆ."

ಗಗನಾಳಿಗೆ ಆಗ ಹೊಳೆಯಿತು. ಅಮ್ಮನ ಮುಖ ನೋಡಿದಳು. ಅಮ್ಮ ಸಾಬರ ಮುಖ ನೋಡಿದಳು. ಸಾಬ್ ಆಕಾಶ ನೋಡಿದ. "ಎಲ್ರೂ ಕೊಟ್ರಾ?" ಎಂದಳು ಗಗನಾ. ಅವಳು ಅಲ್ಲೇ ಅಪ್ಪನ ಕಾಲಬಳಿ ಕುಸಿದು ಕೂತು, ಕಟ್ಟಿದ ಹೂವು, ಹಚ್ಚಿದ ಕಾಡಿಗೆ ಯಾವುದನ್ನೂ ಲೆಕ್ಕಿಸದೆ ಗಟ್ಟಿಯಾಗಿ ಅತ್ತಳು.

ಮಗಳ ಅಳು ಮಾತ್ರ ಪಕ್ಕದೂರಿನಿಂದ ಬರಲಿಲ್ಲ. ಅದು ಅಷ್ಟೂ ಬೇರುನಾರನ್ನು ಸೀಳಿಕೊಂಡು ನೇರವಾಗಿ ರಂಗಪ್ಪನ ಕರುಳಿಗೆ ತಾಗಿತು. ಅವನು ಎದ್ದ. ಹೆಜ್ಜೆ ಹತ್ತಿಯ ಮೇಲೆ ಇಟ್ಟಂತಿತ್ತು. ಆದರೂ ಬೇವಿನಮರದ ಬುಡ ಮುಟ್ಟಿದ. ವಿಶ್ವನಾಥ್ ಅಷ್ಟರಲ್ಲಿ ಕುರ್ಚಿಯಿಂದ ಅರ್ಧ ಎದ್ದಿದ್ದ, ಬಸ್ಸಿನ ಕಡೆ ಹೋಗಲು. ಯಜಮಾನ ಬಂದದ್ದು ನೋಡಿ, ಕಟ್ಟಳೆಯ ಪ್ರಕಾರ ಮತ್ತೆ ಕೂತು ಮುಖ ತಿರುಗಿಸಿದ.

ಇಲ್ಲಿ ಹೇಳಬೇಕಾದ ಮಾತು ಯಾವುದೆಂದು ರಂಗಪ್ಪನಿಗೆ ಗೊತ್ತಿತ್ತು. ಸಾವಿರ ಸಲ ಕೇಳಿದ್ದ. ಆದರೆ ಕೇಳಿದ್ದೆಲ್ಲ ಕುರ್ಚಿಯಲ್ಲಿ ಕೂತು. ನಿಂತು ಹೇಳಿ ಅಭ್ಯಾಸವಿರಲಿಲ್ಲ. "ದೊಡ್ಡೋರು…" ಎಂದು ಶುರುಮಾಡಿದ. ಮುಂದಿನದು ನಾಲಿಗೆಗೆ ಬರಲಿಲ್ಲ. ಬೀಗರ ಪಕ್ಕದಲ್ಲಿ ನೆಲದ ಮೇಲೆ ಕೂತ. ಸ್ವಲ್ಪ ಹೊತ್ತು ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿ, ಬೋಳು ಬೇಲಿಯೊಂದನ್ನು ನೋಡುತ್ತ ಕೂತಿದ್ದರು.

"ಮೊದಲು ಒಂದರ್ಧ ಗಂಟೆ ಚೆನ್ನಾಗಿರ್ತೈತೆ, ಅಲ್ವಾ?" ಎಂದ ರಂಗಪ್ಪ ಕೊನೆಗೆ.

ವಿಶ್ವನಾಥ್ ಶಲ್ಯವನ್ನು ಹೆಗಲ ಮೇಲೆ ಬಿಗಿಯಾಗಿ ಎಳೆದುಕೊಂಡ.

"ಆಮೇಲೆ ಮುನಿಸು ಹೊಂಟೋಯ್ತದೆ. ಯಾಕೆ ಎದ್ದು ಬಂದ್ವಿ ಅನ್ನೋದೇ ಮರೆತೋಯ್ತದೆ. ಹೊಟ್ಟೆ ಹಸೀತೈತೆ. ಹಿಂದುಗಡೆ ಎಲೆ ಹಾಕೋ ಸದ್ದು, ಸಾರಿನ ಘಮ. ತಿರುಗಿ ನೋಡಂಗಿಲ್ಲ. ಕುತ್ತಿಗೆ ಹಿಡ್ಕಂಡಿರ್ತೈತೆ."

ವಿಶ್ವನಾಥನ ಕೈ ತನಗೆ ತಿಳಿಯದೆಯೇ ಕುತ್ತಿಗೆಗೆ ಹೋಯಿತು.

"ಅದೂ ತಡ್ಕಬೋದು ಬೀಗ್ರೇ. ತಡ್ಯೋಕಾಗದೇ ಇರೋದು ಇನ್ನೊಂದೈತೆ. ಇವತ್ತು ಯಾರೂ ಬರದೇ ಹೋದ್ರೆ? ಎಲ್ರೂ ಉಂಡು ಕೈತೊಳ್ಕಂಡು ಹೊಂಟೋದ್ರೆ? ಅಂತ ಒಳಗೆ ಗಡಗಡ ನಡುಗ್ತೈತೆ. ಪ್ರತಿ ಸಲಾನೂ ನಡುಗೈತೆ ನಂಗೆ. ಯಾರ್‍ಗೂ ಹೇಳಿಲ್ಲ, ನಿಮಗೇ ಮೊದ್ಲು ಹೇಳ್ತಿರೋದು. ನೀವಿಲ್ಲಿ ಕೂತಿದ್ದಾಗ ನಾನಲ್ಲಿ ನಗ್ತಿದ್ನಲ್ಲ, ಅದು ತಪ್ಪು. ಮೈಮೇಲೆ ಗ್ಯಾನ ಇರ್ಲಿಲ್ಲ. ಮನೆಯೋರೆಲ್ಲ ಸೇರಿ ನಂಗೆ ಔಸ್ದಿ ಕುಡ್ಸವ್ರೆ."

ಚಪ್ಪರದಲ್ಲಿದ್ದವರು ಕಿವಿ ನಿಮಿರಿಸಿದ್ದರು. ಕರೆಂಟಿಲ್ಲದ್ದರಿಂದ ಮೈಕು ಫ್ಯಾನು ಯಾವುದರ ಗದ್ದಲವೂ ಇಲ್ಲದೆ, ರಂಗಪ್ಪನ ಮಾತು ಒಂದೂ ಬಿಡದೆ ಅವರಿಗೆಲ್ಲ ಕೇಳಿಸಿತ್ತು.

"ನಂಗೆ ಮಂಡಿನೂ ಹಿಡ್ಕೊಳ್ತದೆ" ಎಂದ ವಿಶ್ವನಾಥ್, ಬೇಲಿಯನ್ನೇ ನೋಡುತ್ತ. ಆಮೇಲೆ ದನಿ ಇಳಿಸಿ, "ಹೋದ ತಿಂಗಳು ನನ್ನ ಹೆಂಡ್ತಿ ಅಣ್ಣನ ಮನೇಲಿ ಯಾರೂ ಬರ್ಲಿಲ್ಲ ಕಣ್ರೀ. ನಾಯಿ ಬಂದು ಪಕ್ದಲ್ಲಿ ಮಲ್ಕಂತು. ಅದನ್ನೇ ನೋಡ್ಕಂಡು ಸಂಜೆಗಂಟ ಕೂತಿದ್ದೆ."

"ಅಯ್ಯೋ ಪಾಪ" ಎಂದ ರಂಗಪ್ಪ. ಆ ನೋವು ಮೂರು ತಾಲ್ಲೂಕಿನಲ್ಲಿ ಅವನೊಬ್ಬನಿಗೇ ಪೂರ್ತಿ ಅರ್ಥವಾಗಬಹುದಾದದ್ದು. ಅವನ ಕಣ್ಣಲ್ಲಿ ನೀರು ತುಂಬಿತು. ಅದನ್ನು ಕಂಡು ವಿಶ್ವನಾಥ್ ಕಂಗಾಲಾದ. ಹುಟ್ಟಿದಾಗಿನಿಂದ ಯಾರನ್ನೂ ಸಮಾಧಾನ ಮಾಡಿದವನಲ್ಲ ಅವನು. ಶಲ್ಯದ ತುದಿ ಕೊಡಲೋ ಬೇಡವೋ ಎಂದು ಹಿಂದೆಮುಂದೆ ನೋಡಿ, ಕೊನೆಗೆ ರಂಗಪ್ಪನ ರಟ್ಟೆ ಹಿಡಿದ. "ಏಳಿ ಬೀಗ್ರೇ, ಏಳಿ. ಹೆಣ್ಣಿನ ತಂದೆ ಅಳಬಾರ್ದು. ಎಲೆ ಹಾಕ್ಸಿ, ಇಬ್ರೂ ಒಟ್ಟಿಗೇ ಕೂರಾಣ" ಎಂದು ಎಳೆದುಕೊಂಡು ಬಂದ. ಮುನಿಸಿಕೊಂಡವನೇ ಯಜಮಾನನನ್ನು ರಟ್ಟೆ ಹಿಡಿದು ಚಪ್ಪರಕ್ಕೆ ಕರೆತಂದದ್ದನ್ನು ಕಂಡು ಮಹಬೂಬ್ ಸಾಬ್, "ಯಾ ಅಲ್ಲಾ" ಎಂದು ಎರಡೂ ಕೈ ಮೇಲೆತ್ತಿದ.

ಪುರೋಹಿತರು ಬೀರೂರಿನಿಂದ ಬಂದು ಮುಟ್ಟಿದರು. ತಾಂಬೂಲ ಬದಲಾಯಿತು. ಉಂಗುರ ತೊಡಿಸುವಾಗ ಗಗನಾ ಇನ್ನೂ ಮೂಗು ಸೇದುತ್ತಿದ್ದಳು, ಭೈರೇಶ ತನ್ನ ಕರವಸ್ತ್ರ ಕೊಟ್ಟ. ಬೀಗರಿಬ್ಬರೂ ಪಕ್ಕಪಕ್ಕ ಕೂತು ತಳ ಹಿಡಿದ ಪಾಯಸವನ್ನು ಎರಡೆರಡು ಸಲ ಹಾಕಿಸಿಕೊಂಡರು.

ಮಿನಿಬಸ್ಸು ಹೋಗಿ, ಸಾಬರ ಆಳುಗಳು ಚಪ್ಪರದ ಬಟ್ಟೆ ಬಿಚ್ಚುತ್ತಿದ್ದಾಗ ಸಾವಿತ್ರಮ್ಮ ಅಡಿಗೆಮನೆಯಲ್ಲಿ ಒಬ್ಬಳೇ ಎಲೆ ಹಾಕಿಕೊಂಡು ಕೂತಳು. ಅವಳ ಊಟ ಯಾವತ್ತೂ ಎಲ್ಲರದೂ ಆದ ಮೇಲೆಯೇ. ರಂಗಪ್ಪ ಬಂದು ಗೋಡೆಗೊರಗಿ ಕೂತ. ತಲೆ ತಿಳಿಯಾಗುತ್ತಿತ್ತು. ಕೆಲಸ ಗೆದ್ದ ಹೆಮ್ಮೆ ಮುಖದಲ್ಲಿತ್ತು.

"ಯಾರೂ ಬರದೇ ಹೋದ್ರೆ ಅಂತ ನಡುಕ ಬರ್ತಿತ್ತು ಅಂದ್ರಲ್ಲ, ನಿಜವಾ?" ಎಂದಳು ಅವಳು ಅನ್ನ ಕಲಸುತ್ತ.

"ನಿಜ ಕಣೇ. ಆದ್ರೆ ದೇವ್ರು ದೊಡ್ಡೋನು. ಯಾವಾಗ್ಲೂ ಯಾರಾದ್ರೂ ಬಂದೇ ಬಂದ್ರು."

"ಅವರಾಗೇ ಬರ್ತಿದ್ರು ಅಂದ್ಕೊಂಡಿದ್ರಾ?"

ರಂಗಪ್ಪ ಅವಳ ಮುಖ ನೋಡಿದ. "ಮತ್ತೆ?"

"ಒಬ್ಬೊಬ್ರಿಗೂ ಕೈಮುಗಿದು, ಗಡ್ಡ ಹಿಡ್ದು ಕಳಿಸ್ತಿದ್ದೆ. ನಮ್ಮ ಮದ್ವೇಲಿ ಕಟ್ಟಿದ ವಾಚು ಸಣ್ಣದಾಯ್ತು ಅಂತ ಹೋಗಿ ಕಣದಲ್ಲಿ ಕೂತ್ರಲ್ಲ, ಅವತ್ತು ನಮ್ಮಪ್ಪ ಕರೆಯೋಕೆ ಹೋಗಲ್ಲ ಅಂತ ಹಟ ಹಿಡೀತು. ಅರಿಶಿನದ ಕೈಯಲ್ಲೇ ಅಪ್ಪನ ಕಾಲು ಹಿಡ್ಕೊಂಡೆ. ನಿಮ್ಮ ಮುಖಾನೂ ಸರಿಯಾಗಿ ನೋಡಿರ್ಲಿಲ್ಲ ನಾನು ಆಗ."

ಹೊರಗೆ ಯಾರೋ ಕಂಬ ಕಿತ್ತು ನೆಲಕ್ಕೆ ಮಲಗಿಸಿದ ಸದ್ದಾಯಿತು. ರಂಗಪ್ಪ ಗೋಡೆ ಬಿಟ್ಟು ಅವಳ ಎಲೆಯ ಹತ್ತಿರಕ್ಕೆ ಸರಿದ. "ಮುಖ ನೋಡ್ದೆ ಇದ್ದೋನಿಗೆ ಯಾಕೆ ಹಂಗೆ ಮಾಡ್ದೆ?" ಎಂದು ಕೇಳಿದ.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಹಸ್ಕೊಂಡವ್ರೆ ಅಂತ ಯಾರೋ ಅಂದ್ರು" ಎಂದಳು ಸಾವಿತ್ರಮ್ಮ, ತುತ್ತು ಬಾಯಿಗಿಡುತ್ತ.

ಹೊಟ್ಟೆಯಲ್ಲಿ ಅಷ್ಟೊಂದು ಔಷಧಿ ಇನ್ನೂ ಕೆಲಸ ಮಾಡುತ್ತಿದ್ದರೂ ರಂಗಪ್ಪ ಮಗುವಿನಂತೆ ಬಿಕ್ಕಿಬಿಕ್ಕಿ ಅತ್ತ.